ಹೆಸರಿದ್ದ ಪ್ಲೇಟು

ಯುದ್ಧದ ವರ್ಷ. ಶಿಕಾಗೋದ ಟ್ರಾಮಿನಲ್ಲಿ ಕಂಬಿ ಹಿಡಿದು ನಿಂತಿದ್ದ ಅರ್ಲೀನಳ ಕಿವಿಗೆ ಎದುರು ಸೀಟಿನ ಅಪರಿಚಿತರಿಬ್ಬರ ಮಾತು ಬಿತ್ತು. ಗಂಡಸಿನ ತೊಡೆಯ ಮೇಲೆ ಬ್ಯಾಂಜೊ ವಾದ್ಯ. ಪಕ್ಕದಲ್ಲಿ, ತೀರಿಹೋದ ಅವನ ಅಣ್ಣನ ಹೆಂಡತಿ.

“ಅತ್ತಿಗೆ, ಅಣ್ಣ ತುತ್ತೂರಿ ಊದಿದ ಗ್ರಾಮಫೋನ್ ಪ್ಲೇಟುಗಳಿವೆ ತಾನೇ? ಒಂದ್ಸಲ ಕೇಳ್ಬೇಕು.”

“ನಿಮ್ಮ ಬ್ಯಾಂಡಿನ ಹೆಸರಿರೋದು ಒಂದಿದೆ, ಲೂಷಿಯಸ್. ಮಿಕ್ಕಿದ್ದೆಲ್ಲ ಯಾರ್ಯಾರದೋ ಹೆಸರಿಂದು. ಯುದ್ಧಕ್ಕೆ ಹಳೇ ಪ್ಲೇಟು ಕೇಳಿದ್ರಲ್ಲ, ಕರಗಿಸೋಕೆ ಕೊಟ್ಬಿಟ್ಟೆ.”

“ಅಯ್ಯೋ! ಅವೂ ನಾವೇ ನುಡಿಸಿದ್ದು. ಬೇರೆಯವ್ರಿಗೆ ನುಡಿಸಲ್ಲ ಅಂತ ದೊಡ್ಡ ಕಂಪನಿಗೆ ಬರ್ಕೊಟ್ಟಿದ್ವಿ. ಅದಕ್ಕೇ ಕದ್ದು ನುಡಿಸಿದಾಗೆಲ್ಲ ಸಣ್ಣ ಕಂಪನಿಯವ್ರು ಪ್ಲೇಟಿನ ಮೇಲೆ ಸುಳ್ಳು ಹೆಸರು ಹಾಕ್ತಿದ್ರು.”

“ನಿಮ್ಮಣ್ಣ ಬಾಯೇ ಬಿಡ್ಲಿಲ್ವಲ್ಲೋ!”

“ಬಿಟ್ಟಿದ್ರೆ ಕೆಲಸ ಹೋಗ್ತಿತ್ತು.”



“ನಿಮ್ಮ ಹೆಸರಿರೋದು ಒಂದಾದ್ರೂ ಉಳೀತಲ್ಲ. ಚರ್ಚಿಂದ ಬಂದು ಅದನ್ನೇ ಹಾಕಿ ಕೇಳ್ತೀನಿ. ತುತ್ತೂರಿ ಶುರುವಾದ್ರೆ ಅವ್ರು ಅಡುಗೆಮನೇಲೇ ಇದ್ದಾರೆ ಅನ್ಸತ್ತೆ.”

“ಅದಾ? ಅದನ್ನ ನುಡಿಸಿದ ದಿನ ಅಣ್ಣ ಜ್ವರ ಬಂದು ಮಲಗಿದ್ದ. ಊದಿದ್ದು…” ಲೂಷಿಯಸ್ ನಾಲಿಗೆ ಕಚ್ಚಿಕೊಂಡ.

“ಊದಿದ್ದು?”

“ಎದ್ದು ಬಂದೇ ಊದಿದ, ಅತ್ತಿಗೆ.”

“ನೋಡಿದ್ಯಾ! ಜ್ವರದಲ್ಲೂ ಎಂಥಾ ಉಸಿರು!” ಅತ್ತಿಗೆ ಕಣ್ಣೊರೆಸಿಕೊಂಡು ಇಳಿಯಲು ಎದ್ದಳು. “ಭಾನುವಾರ ಬಾ. ಇಬ್ರೂ ಕೂತು ಕೇಳೋಣ.”

ಲೂಷಿಯಸ್ ಅವಳ ಕೈಹಿಡಿದು ಮೆಟ್ಟಿಲಿಳಿಸಿದ.

“ಇನ್ಯಾವಾಗ್ಲಾದ್ರೂ ಬರ್ತೀನಿ, ಅತ್ತಿಗೆ.”