ಐದೂವರೆಯ ಬೆಲ್

ಸಕ್ಕರೆ ಪರೀಕ್ಷೆಗೆ ರಕ್ತ ಕೊಡಲು ಕಾದು ಕೂತಿದ್ದೆ. ಖಾಲಿ ಹೊಟ್ಟೆ, ಮೂಗಿನ ತುದಿಯಲ್ಲಿ ಸಿಟ್ಟು. ಪಕ್ಕದ ಬೆಂಚಿನಲ್ಲಿ, ಅಳತೆಯ ಟೇಪನ್ನು ಕೊರಳಿಂದ ತೆಗೆಯದೆ ಬಂದಿದ್ದ ದರ್ಜಿಯೊಬ್ಬ ತನ್ನ ಹೆಂಡತಿಯ ತಮ್ಮನಿಗೆ ತಾನು ಕೊಳ್ಳಬೇಕೆಂದಿದ್ದ ಹೊಸ ಸೈಕಲ್ಲಿನ ಚಿತ್ರ ತೋರಿಸುತ್ತಿದ್ದ.

“ಏಳು ಗೇರು ಕಣೋ. ಏರಲ್ಲಿ ಇಳಿದು ತಳ್ಳೋ ಕೆಲಸ ಇಲ್ಲ.”

“ಈ ವಯಸ್ಸಲ್ಲಿ ಗೇರಾ, ಭಾವ?”

“ಮೂರು ತಿಂಗಳಿಂದ ಹಳೇದನ್ನೇ ತುಳೀತಿದೀನಿ. ಐದು ಕೆಜಿ ಇಳಿದಿದೀನಿ. ನನ್ನ ಪ್ಯಾಂಟಿನ ಸೊಂಟ ನಾನೇ ಎರಡು ಸಲ ಚಿಕ್ಕದು ಮಾಡ್ಕೊಂಡೆ.”

“ಒಳ್ಳೇದಾಯ್ತು ಬಿಡಿ.”

“ನೀನೂ ಒಂದು ತಗೋ. ಮಾತಾಡ್ಕೊಂಡು ಸೇತುವೆ ತನಕ ಹೋಗಿ ಬರಬಹುದು. ನಿಮ್ಮಕ್ಕ ಹೋದ ಮೇಲೆ ಮನೇಲಿ ಹೊಲಿಗೆ ಮಿಷನ್ ಸದ್ದು ಬಿಟ್ರೆ ಇನ್ನೇನಿಲ್ಲ.”

“ನೋಡೋಣ.”

“ದಿನಾ ಐದೂವರೆಗೆ ನಿಮ್ಮನೆ ಮುಂದೆ ಬೆಲ್ ಹೊಡೀತೀನಲ್ಲ, ಕೇಳ್ಸಲ್ವಾ?”

“ಅಯ್ಯೋ, ಅದು ನೀವಾ? ಹಾಲಿನವನು ಅಂತ ಬೈಕೊಂಡು ಮಗ್ಗುಲು ಬದಲಿಸ್ತೀನಿ!”

ಇಬ್ಬರೂ ನಕ್ಕರು. ದರ್ಜಿಯ ನಗು ಬೇಗ ನಿಂತಿತು.

“ಬಾಗಿಲು ತೆಗೀತೀಯೇನೋ ಅಂತ ಎರಡು ನಿಮಿಷ ಕಾಯ್ತೀನಿ.”

“ಒಂದು ಫೋನ್ ಮಾಡಬಾರದಿತ್ತಾ?”

“ಫೋನ್ ಮಾಡಿದ್ರೆ ಬರಲ್ಲ ಅಂದ್ಬಿಡ್ತಿದ್ದೆ ನೀನು.”

ಭಾವಮೈದುನ ತಲೆ ತಗ್ಗಿಸಿ ತನ್ನ ಫೋನು ನೋಡತೊಡಗಿದ. ಎದ್ದು ಅದನ್ನು ಕಿತ್ತು ಎಸೆಯೋಣ ಎನಿಸಿತು ನನಗೆ. ಅಷ್ಟರಲ್ಲಿ ನರ್ಸ್ ದರ್ಜಿಯ ನಂಬರು ಕೂಗಿದಳು.

“ನಾಳೆ ಬೆಲ್ ಹೊಡೀಲಾ, ಬೇಡ್ವಾ?”

“ಮೊದಲು ನಿಮ್ಮ ಹೊಸ ಸೈಕಲ್ ಬರಲಿ ಭಾವ, ಆಮೇಲೆ ನೋಡೋಣ.”

“ಒಬ್ಬನಿಗೆ ಹಳೇದೇ ಸಾಕು ಬಿಡು,” ಎಂದು ದರ್ಜಿ ಅಂಗಿಯ ತೋಳು ಮಡಚಿಕೊಳ್ಳುತ್ತಾ ಒಳಗೆ ಹೋದ.