ಹಿಮಗಾಳಿಗೆ ಓದಿ ಹೇಳಿದ ಯುಸ್ತಿನಾ

ಪ್ರಾರ್ಥನಾ ಮನೆಯ ಹಿರಿಯರೇ, ಊರಿನ ಬಂಧುಗಳೇ, ಮೊದಲ ಸಾಲಿನಲ್ಲಿ ಕುಳಿತಿರುವ ಕೊರ್ನೇಲಿಯುಸ್ ಅವರೇ, ಅವರ ಮಡದಿ ಮಾರ್ಗರೆತೆ ಅವರೇ — ನಿಮ್ಮೆಲ್ಲರಿಗೂ ನನ್ನ ನಮಸ್ಕಾರ. ಅಕ್ಕ ಯುಸ್ತಿನಾ ಅವರನ್ನು ಕಳೆದುಕೊಂಡ ತಮ್ಮನ ಎದುರು ನಿಂತು ಮಾತಾಡುವುದು ಸುಲಭವಲ್ಲ.

ನಾನು ನಿಮ್ಮಂತೆ ಜರ್ಮನ್ ಮೂಲದ ಕ್ರೈಸ್ತಳಲ್ಲ. ನರಿನ್ ಕಡೆಯ ಕಿರ್ಗಿಜ್ ಹೆಂಗಸು. ಬೆಳಗಿನ ನಮಾಜು ಮುಗಿಸಿಯೇ ಬಸ್ಸು ಹತ್ತಿ ಬಂದೆ. ಬಾಗಿಲಲ್ಲೇ ಮಾರ್ಗರೆತೆ ನನ್ನ ಕೈ ಹಿಡಿದುಕೊಂಡು, "ಬುರುಲ್, ಅಲ್ಲಿ ಬೆಟ್ಟದ ಮೇಲೆ ಏನಾಯ್ತು ಅಂತ ಅವಳು ನಮಗೆ ಕೊನೇವರೆಗೂ ಬಾಯಿ ಬಿಡ್ಲಿಲ್ಲ. ಇವತ್ತಾದ್ರೂ ನೀನು ಹೇಳು," ಎಂದರು. ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನೇ ಪೂರ್ತಿ ನಂಬಿದ್ದೇನೆಯೇ — ಅದೂ ಗೊತ್ತಿಲ್ಲ.

ಯುಸ್ತಿನಾ ಏಜೆ — ಅಕ್ಕನನ್ನು ನಾವು ಏಜೆ ಎಂದೇ ಕರೆಯುವುದು — ಅವರೂ ನಾನೂ ಕಣಿವೆಯ ಮೇಲಿನ ಹವಾಮಾನ ಕೇಂದ್ರದಲ್ಲಿ ಜೊತೆಗೆ ದುಡಿದವರು. ಗಾಳಿ ಎಷ್ಟು, ಹಿಮ ಎಷ್ಟು ಎಂದು ಅಳೆದು ಕೆಳಗೆ ತಿಳಿಸುವುದು ನಮ್ಮ ಕೆಲಸ. ಮಂಜು ಬಿದ್ದು ದಾರಿ ಮುಚ್ಚಿತೆಂದರೆ ವಸಂತದವರೆಗೆ ಮೂರನೆಯ ಮುಖವೆಂದರೆ ಯೆಗೋರ್ ಒಬ್ಬನದೇ. ಅವನು ನಮ್ಮ ರೇಡಿಯೋದವನು. ದೊಡ್ಡ ಆಳು, ದೊಡ್ಡ ಬಾಯಿ, ಮಗುವಿನ ಮನಸ್ಸು.

ಏಜೆಯ ಪುಸ್ತಕವನ್ನು ನೀವೆಲ್ಲ ನೋಡಿದ್ದೀರಿ. ಅವರ ಅಜ್ಜಿಯದು, ಹಳೆಯ ಜರ್ಮನ್ ಅಚ್ಚು, ಮುಳ್ಳುಬೇಲಿಯಂಥ ಅಕ್ಷರ. ದಿನಕ್ಕೊಂದು ಧ್ಯಾನ, ದಿನಕ್ಕೊಂದು ಪ್ರಾರ್ಥನೆ. ಮೊದಲ ಹಾಳೆಗಳಿಲ್ಲ. ದೇವರ ಪುಸ್ತಕಗಳಿಗೆ ನಿಷೇಧವಿದ್ದ ಕಾಲದಲ್ಲಿ, ಪೊಲೀಸರು ಮನೆ ಶೋಧಿಸಲು ಬಂದ ದಿನ, ಹೆಸರು ಸಿಗದಿರಲೆಂದು ಅಜ್ಜಿ ಅವನ್ನು ಒಲೆಗೆ ಹಾಕಿದ್ದರಂತೆ. ಹಾಗಾಗಿ ಬರೆದವರು ಯಾರೆಂದು ಏಜೆಗೂ ಗೊತ್ತಿರಲಿಲ್ಲ. "ಯಾರೋ ಬಹಳ ಹೆದರಿದ್ದ ಮನುಷ್ಯ ಬರೆದದ್ದು," ಎನ್ನುತ್ತಿದ್ದರು. "ಧೈರ್ಯವಂತರು ಇಷ್ಟೊಂದು ಸಲ 'ಹೆದರಬೇಡ' ಅಂತ ಬರೆಯಲ್ಲ ಕಣೆ."

ಮುಸ್ಸಂಜೆಗೆ ದೀಪ ಹಚ್ಚಿ ಗಟ್ಟಿಯಾಗಿ ಓದುತ್ತಿದ್ದರು. ಒಂದು ತುಂಡು ಜರ್ಮನ್ನಿನಲ್ಲಿ, ಅದರ ಅರ್ಥ ನಮ್ಮ ಮಾತಿನಲ್ಲಿ. ಯೆಗೋರ್ ಗೇಲಿ ಮಾಡುತ್ತಿದ್ದ. "ಶುರುವಾಯ್ತಾ ಅಜ್ಜಿ ಪುರಾಣ? ಮೆಲ್ಲಗೆ ಓದಿ, ನಿಮ್ಮ ದೇವ್ರಿಗೂ ವಯಸ್ಸಾಗಿದೆ, ನಿದ್ದೆ ಕೆಟ್ಟೀತು!" ಆದರೆ ಎದ್ದು ಹೋಗುತ್ತಿರಲಿಲ್ಲ. ಒಲೆಯ ಪಕ್ಕ ಕೂತು ಬೂಟಿಗೆ ಎಣ್ಣೆ ತಿಕ್ಕುತ್ತ, ಒಂದೊಂದು ತುಂಡು ಮುಗಿದಾಗಲೂ — "ಆಮೇಲೆ?"

"ಇದು ಕತೆ ಅಲ್ಲಪ್ಪ, ಆಮೇಲೆ ಅನ್ನೋದೆಲ್ಲ ಇರಲ್ಲ."

"ಇಷ್ಟು ದಪ್ಪ ಪುಸ್ತಕ, ಏನೂ ಆಗೋದೇ ಇಲ್ವಾ? ಓದಿ ಓದಿ. ಆಮೇಲೆ?"

ಹೀಗೆ, ಗಲ್ಲ ಮುಂದಕ್ಕೆ ಚಾಚಿ ಕೇಳುತ್ತಿದ್ದ. ನಾವು ನಗುತ್ತಿದ್ದೆವು.

ಬಂಧುಗಳೇ, ಆ ಮನೆ ಇದ್ದ ಜಾಗ ನಿಮಗೆ ತಿಳಿಯಬೇಕು. ಮುಂಬಾಗಿಲಿನಿಂದ ಉಪಕರಣಗಳ ಅಂಗಳದವರೆಗೆ ಒಂದು ಹಗ್ಗ ಕಟ್ಟಿತ್ತು. ಬಿರುಗಾಳಿಯಲ್ಲಿ ಅದನ್ನು ಹಿಡಿದೇ ನಡೆಯಬೇಕು. ಮನೆಯ ಹಿಂಗೋಡೆ ಕಮರಿಯ ಅಂಚಿಗೇ ನಿಂತಿತ್ತು. ಅದರಾಚೆ ಕಾಲಿಡಲು ಜಾಗವಿಲ್ಲ. ಬರಿಯ ಪಾತಾಳ. ಆ ಹಗ್ಗದ ವಿಚಾರದಲ್ಲಿ ಯೆಗೋರ್ ರಾಕ್ಷಸ. ನಾನೊಮ್ಮೆ ಕೈ ಬಿಟ್ಟದ್ದಕ್ಕೆ ಅವನು ಬೈದ ಬೈಗುಳವನ್ನು ಈ ಪ್ರಾರ್ಥನಾ ಮನೆಯಲ್ಲಿ ಹೇಳಲಾರೆ.

ಆ ವರ್ಷದ ಕೊನೆಯ ದೊಡ್ಡ ಬಿರುಗಾಳಿ. ಮಧ್ಯಾಹ್ನ ಯೆಗೋರ್ ಮಾಪಕ ನೋಡಿ ಬರುತ್ತೇನೆಂದು ಹೊರಗೆ ಹೋದ. ಬರಲಿಲ್ಲ. ನಾವಿಬ್ಬರೂ ಹಗ್ಗ ಹಿಡಿದು ಹೋದೆವು. ಹಗ್ಗ ತುಂಡಾಗಿರಲಿಲ್ಲ. ನಡುವೆ ಒಂದು ಕಡೆ ಅವನ ಕೈಗವಸು ಹಗ್ಗಕ್ಕೆ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಕೈ ಮಾತ್ರ ಇರಲಿಲ್ಲ. ಕೂಗಿದೆವು. ಗಂಟಲು ಹರಿಯುವಷ್ಟು ಕೂಗಿದೆವು. ರೇಡಿಯೋದಲ್ಲಿ ಕೆಳಗಿನವರು, "ಗಾಳಿ ನಿಲ್ಲೋವರೆಗೆ ಒಬ್ಬರೂ ಹತ್ತೋಕಾಗಲ್ಲ, ನೀವೂ ಹೊರಗೆ ಹೋಗ್ಬೇಡಿ," ಎಂದರು.

ಮುಸ್ಸಂಜೆಯಾಯಿತು. ಏಜೆ ದೀಪ ಹಚ್ಚಿ ಪುಸ್ತಕ ತೆಗೆದರು. ನನಗೆ ಸಿಟ್ಟು ನೆತ್ತಿಗೇರಿತು.

"ಮನುಷ್ಯ ಹೊರಗೆ ಸಾಯ್ತಿದ್ದಾನೆ, ನಿಮಗೆ ಓದೋ ಹೊತ್ತಾ ಇದು?"

"ಬದುಕಿದ್ರೆ ದನಿ ಕೇಳಿ ಬರ್ತಾನೆ. ಕೂಗೋಕೆ ಮಾತು ಬೇಕಲ್ಲ, ಬುರುಲ್? ನನ್ನ ಹತ್ರ ಇರೋ ಮಾತು ಇಷ್ಟೇ."

ಕಿಟಕಿಯ ಸಣ್ಣ ಕಂಡಿ ತೆರೆದರು. ಹಿಮ ಒಳಗೆ ನುಗ್ಗಿತು. ಕಂಡಿಗೆ ಬಾಯಿಟ್ಟು, ಸಂತೆಯಲ್ಲಿ ಕೂಗುವವರಂತೆ ಓದತೊಡಗಿದರು. ಕತ್ತಲೆಯಲ್ಲಿ ದೇವರು ನಮ್ಮಿಂದ ದೂರ ಹೋಗುವುದಿಲ್ಲ, ನಮ್ಮ ಕಣ್ಣು ಮಾತ್ರ ದೂರ ಹೋಗುತ್ತದೆ ಎನ್ನುವಂಥ ಮಾತುಗಳು. ಒಂದು ತುಂಡು ಮುಗಿಯಿತು. ಉಸಿರಿಗಾಗಿ ನಿಂತರು.

ಹೊರಗಿನಿಂದ — "ಆಮೇಲೆ?"

ಇಬ್ಬರಿಗೂ ಕೇಳಿಸಿತು. ನಾನು ಕುಣಿದಾಡಿಬಿಟ್ಟೆ. "ಬಂದ! ಬಂದ ಏಜೆ!" ಸೊಂಟಕ್ಕೆ ಹಗ್ಗ ಬಿಗಿದು ಹೊರಗೆ ಓಡಿ, ಕಿಟಕಿಯ ಕೆಳಗೆ ಕೈಯಾಡಿಸಿದೆ. ಯಾರೂ ಇಲ್ಲ. ಹೆಜ್ಜೆಯಿಲ್ಲ. ಹಿಮ ಹಾಸಿದ ಹಾಸಿಗೆಯಂತೆ ನುಣ್ಣಗಿತ್ತು. ಒಳಗೆ ಬಂದೆ. ಏಜೆ ಇನ್ನೊಂದು ತುಂಡು ಓದಿದರು. ನಿಂತರು.

"ಆಮೇಲೆ?"

ಈ ಸಲ ದನಿ ಹಿಂಗೋಡೆಯ ಕಡೆಯಿಂದ ಬಂತು. ಯಾರೂ ನಿಲ್ಲಲಾಗದ ಕಡೆಯಿಂದ. ನನಗೆ ಆಗ ಒಂದು ವಿಷಯ ಹೊಳೆಯಿತು. ಆ ಗಾಳಿಯಲ್ಲಿ ಇಷ್ಟು ಹೊತ್ತು ಇದ್ದವನ ಹಲ್ಲು ಕಟಕಟಿಸಬೇಕು, ಮಾತು ತೊದಲಬೇಕು. ಈ ದನಿಯಲ್ಲಿ ಚಳಿಯೇ ಇರಲಿಲ್ಲ. ಒಲೆಯ ಪಕ್ಕ ಚಹಾ ಕುಡಿದು ಕೂತವನ ದನಿ ಅದು. ಕೂಗುತ್ತಲೂ ಇರಲಿಲ್ಲ. ಅಷ್ಟು ಗಾಳಿಯಲ್ಲಿ, ಮೆಲ್ಲಗೆ, ಮೇಜಿನಾಚೆಯಿಂದ ಕೇಳಿದಂತೆ.

ಆಮೇಲೆ ಅದು ನನ್ನ ಹೆಸರು ಹಿಡಿದು ಕರೆಯಿತು. "ಬುರುಲ್, ಇಲ್ಲೇ ಇದೀನಿ. ಹಗ್ಗ ಚಿಕ್ಕದಾಗುತ್ತೆ, ಬಿಚ್ಚಿ ಬಾ."

ನಾನು ಸೊಂಟದ ಹಗ್ಗದ ಗಂಟು ಬಿಚ್ಚುತ್ತಿದ್ದೆ. ಹೌದು, ಬಿಚ್ಚುತ್ತಿದ್ದೆ. ಏಜೆ ನನ್ನ ಜಡೆ ಹಿಡಿದು — ಹೀಗೆ, ಬುಡದಲ್ಲೇ ಹಿಡಿದು — ನೆಲಕ್ಕೆ ಕೂರಿಸಿದರು.

"ಯೆಗೋರ್ ಯಾವತ್ತಾದ್ರೂ ಹಗ್ಗ ಬಿಚ್ಚು ಅಂದಿದ್ನೇನೆ ಹುಚ್ಚಿ?"

"ಹಾಗಾದ್ರೆ ಅದು ಯಾರು?"

"ನನಗೇನು ಗೊತ್ತು!" ಅವರ ತುಟಿ ಬೆಳ್ಳಗಾಗಿತ್ತು. "ನಂಬಿಕೆ ಇದೆಯಾ ಅಂತ ಕೇಳ್ಬೇಡ. ಈ ಗಳಿಗೇಲಿ ನನ್ನ ಹತ್ರ ಒಂದು ಸಾಸಿವೆ ಕಾಳಿನಷ್ಟೂ ಇಲ್ಲ. ಇದನ್ನ ಬರೆದವನ ಹತ್ರ ಇತ್ತು. ಓದಿದ ನಮ್ಮಜ್ಜಿ ಹತ್ರ ಇತ್ತು. ಇವತ್ತು ಅವರದ್ದನ್ನೇ ಉಟ್ಕೊಳ್ಳೋಣ. ಬೆರಳಿಡು ಇಲ್ಲಿ, ಸಾಲಿನ ಕೆಳಗೆ. ನಾನು ಹೇಳಿದ್ದು ಹೇಳು."

ನನಗೆ ಆ ಅಕ್ಷರ ಬಾರದು, ಆ ಭಾಷೆ ಬಾರದು. ಬೆರಳಿಟ್ಟೆ. ಅವರು ಹೇಳಿದ ಒಂದೊಂದು ಶಬ್ದವನ್ನೂ ಗಿಳಿಯಂತೆ ಹೇಳಿದೆ. ಅವರ ದನಿ ಬಿದ್ದುಹೋದಾಗ ನನ್ನದು, ನನ್ನದು ಬಿದ್ದಾಗ ಅವರದು. ಪ್ರತಿ ತುಂಡಿನ ಕೊನೆಗೂ ಗೋಡೆಯಾಚೆಯಿಂದ ಅದೇ ಪ್ರಶ್ನೆ. ನಾವು ಓದುತ್ತಲೇ ಹೋದೆವು. ವಿಚಿತ್ರವೆಂದರೆ — ಇದನ್ನು ಮಾತ್ರ ನೀವು ನಂಬಿ — ನನಗೆ ಅರ್ಥವಾಗದ ಆ ಮಾತುಗಳು ನನ್ನ ಎದೆಯಲ್ಲಿ ಒಂದೊಂದೇ ಕಲ್ಲಿನಂತೆ ಕೂರುತ್ತ ಹೋದವು. ಗೋಡೆ ಎದ್ದ ಹಾಗೆ. ಏಜೆಯ ತುಟಿಗೆ ಬಣ್ಣ ಬಂತು.

ಅಧ್ಯಾಯ ಮುಗಿಯಿತು. "ಆಮೇಲೆ?" ಎಂದಿತು ಅದು. ಈ ಸಲ ಆ ದನಿಯಲ್ಲಿ ನನಗೆ ಗೇಲಿ ಕೇಳಿಸಲಿಲ್ಲ, ಆಮಿಷ ಕೇಳಿಸಲಿಲ್ಲ. ದಾರಿ ತಪ್ಪಿದವರು ಕೇಳುವ ಹಾಗಿತ್ತು.

ಏಜೆ ಪುಸ್ತಕ ಮುಚ್ಚಿ ಎದ್ದರು. ಹಿಂಗೋಡೆಗೆ ಅಂಗೈ ಊರಿ, ಮಗುವಿಗೆ ಹೇಳುವಂತೆ ಹೇಳಿದರು: "ಆಮೇಲೆ ಪುಸ್ತಕ ಇಲ್ಲ ಯೆಗೋರ್. ಆಮೇಲೆ ದೇವ್ರೇ. ನಮ್ಮನ್ನ ಬಿಡು. ಅವನ ಹತ್ರ ಹೋಗು."

ಗಾಳಿ ಇತ್ತು. ದನಿ ಮತ್ತೆ ಬರಲಿಲ್ಲ.

ಬಿರುಗಾಳಿ ನಿಂತ ಮೇಲೆ ಕೆಳಗಿನಿಂದ ಜನ ಬಂದರು. ಯೆಗೋರ್ ಸಿಕ್ಕಿದ್ದು ಕಮರಿಯಲ್ಲಿ, ನೇರ ನಮ್ಮ ಹಿಂಗೋಡೆಯ ಕೆಳಗೆ. ನಾನು ಹಗ್ಗ ಬಿಚ್ಚಿ ಹೋಗಿದ್ದರೆ ಅಲ್ಲಿಗೇ, ಅವನ ಪಕ್ಕಕ್ಕೇ ಬೀಳುತ್ತಿದ್ದೆ. ಜೊತೆಗೆ ಬಂದಿದ್ದ ಡಾಕ್ಟರು, "ಕತ್ತು ಮುರಿದಿದೆ. ಮಧ್ಯಾಹ್ನ ಬಿದ್ದಾಗಲೇ ಮುಗೀತು. ಒಂದು ಮಾತೂ ಆಡಿರಲಾರ," ಎಂದರು. ಏಜೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎಷ್ಟೋ ದಿನಗಳ ಮೇಲೆ ಕೇಳಿದೆ. "ಏಜೆ, ಅದು ಯೆಗೋರನಾ, ಇಲ್ಲಾ ಅವನ ದನಿ ಕದ್ದ ಇನ್ಯಾವುದಾದ್ರೂನಾ?" ಅವರು ಹಿಟ್ಟು ನಾದುತ್ತಿದ್ದರು. "ಗಾಳಿಯೇ ಇರಬಹುದು. ಮೊದಲು ಒಂದು, ಕೊನೆಗೆ ಇನ್ನೊಂದು ಇರಬಹುದು. ಹೆದರಿಸೋಕೆ ಬಂದದ್ದೂ ಕೇಳ್ತಾ ಕೇಳ್ತಾ ಕೂತುಬಿಟ್ರೆ, ನಾವು ಓದೋದು ನಿಲ್ಲಿಸ್ಬೇಕಾ?"

ಅಂದಿನಿಂದ ಅವರು ಓದುವಾಗ ಪ್ರತಿ ತುಂಡಿನ ಕೊನೆಗೆ ಸ್ವಲ್ಪ ನಿಲ್ಲುತ್ತಿದ್ದರು. ಈ ಮನೆಯಲ್ಲಿ ಅವರ ಓದು ಕೇಳಿದವರಿಗೆಲ್ಲ ಆ ನಿಲುಗಡೆ ಗೊತ್ತು. ಪಾಪ, ಉಬ್ಬಸ ಎಂದುಕೊಂಡಿರಿ. ಅಲ್ಲ. ಕಾಯುತ್ತಿದ್ದರು.

ಹೋದ ತಿಂಗಳು ಏಜೆಯನ್ನು ನೋಡಲು ಬಂದಿದ್ದೆ. ಕೊರ್ನೇಲಿಯುಸ್ ಒಣಹಣ್ಣಿನ ಗಂಜಿ ತಂದಿಟ್ಟಿದ್ದರು, ಏಜೆ ಮುಟ್ಟಿರಲಿಲ್ಲ. ಕಣ್ಣು ಪೂರ್ತಿ ಹೋಗಿತ್ತು. "ಓದಲಾ ಏಜೆ? ಆ ಶಬ್ದಗಳೆಲ್ಲ ನನಗಿನ್ನೂ ಬಾಯಿಗೆ ಬರುತ್ತೆ," ಎಂದೆ. ಅವರು ಬೆರಳೆತ್ತಿ, ಶ್... ಎಂದರು. ಪಕ್ಕದ ಕೋಣೆಯಲ್ಲಿ ಯಾರೋ ಓದುತ್ತಿದ್ದರೆ ಕಿವಿಗೊಡುತ್ತೇವಲ್ಲ, ಹಾಗೆ ಮುಖ ವಾಲಿಸಿದ್ದರು. ಪಕ್ಕದ ಕೋಣೆ ಖಾಲಿ; ನಾನು ಎದ್ದು ಹೋಗಿ ನೋಡಿ ಬಂದೆ. ನನಗೇನೂ ಕೇಳಿಸಲಿಲ್ಲ. ಅವರ ಮುಖದಲ್ಲಿ ಹೆದರಿಕೆ ಇದೆಯೇ ಎಂದು ಬಗ್ಗಿ ನೋಡಿದೆ. ಇರಲಿಲ್ಲ ಬಂಧುಗಳೇ. ಲವಲೇಶವೂ ಇರಲಿಲ್ಲ. "ಎಷ್ಟು ಚೆನ್ನಾಗಿ ಓದ್ತಾರೆ ನೋಡೆ," ಎಂದರು. ಅಷ್ಟೇ ನನಗೆ ಅವರು ಆಡಿದ ಕೊನೆಯ ಮಾತು.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಕೂತಲ್ಲೇ ಇರಬೇಕಾದ ಹಿರಿಯರು ಹಾಗೇ ಇರಿ. ಯುಸ್ತಿನಾ ಏಜೆಗಾಗಿ ಸ್ವಲ್ಪ ಹೊತ್ತು ಸುಮ್ಮನಿರೋಣ. ನೀವು ನಿಮ್ಮ ಪ್ರಾರ್ಥನೆ ಮಾಡಿ, ನಾನು ನನ್ನದು ಮಾಡುತ್ತೇನೆ. ಈ ಮೌನದಲ್ಲಿ ಯಾರಿಗಾದರೂ ಏನಾದರೂ ಕೇಳಿಸಿದರೆ — ಗಾಬರಿಯಾಗಬೇಡಿ, ಹಿಂದೆ ತಿರುಗಬೇಡಿ. ಕೇಳಿಸಿಕೊಳ್ಳಿ.