ಪಾಸಾದ ಟೈರು ಬಿಚ್ಚಲಿಲ್ಲ

ಕದ್ದಿಲ್ಲ. ಮೊದಲು ಅದನ್ನು ಬರೆದುಕೊಳ್ಳಿ, ಹೆಸರು ಆಮೇಲೆ ಬರೆದುಕೊಳ್ಳಿ ಎಂದು ನಾನು ಹೇಳಿದೆ. ಹೆಸರು ಮೊದಲು ಬರೆಯುವುದೇ ಕ್ರಮ ಎಂದು ದಫೇದಾರರು ಹೇಳಿದರು. ಸರಿ. ನನ್ನ ಹೆಸರು ಪುಟ್ಟರಾಜು, ತಂದೆ ದೊಡ್ಡಯ್ಯ, ವಯಸ್ಸು ಇಪ್ಪತ್ತೊಂದು, ಕಸುಬು ಮೋಟಾರು ಡ್ರೈವರ್. ಸ್ವಂತ ಊರು ಹಾಸನ ತಾಲ್ಲೂಕು ಕಟ್ಟಾಯ. ಹಾಲಿ ವಾಸ ಹೊಳೆನರಸೀಪುರ, ಬಸವಲಿಂಗಮ್ಮನವರ ಬಸ್ಸಿನ ಶೆಡ್ಡು. ಓದು ಕನ್ನಡ ನಾಲ್ಕನೇ ಕ್ಲಾಸು. ಮೇಷ್ಟ್ರು ಹೊಡೆದರು, ಬಿಟ್ಟೆ. ಈ ಮಾತು ಇಲ್ಲಿಗೆ ಬೇಡ ಎಂದು ದಫೇದಾರರು ಹೇಳಿದರೂ ನಾನು ಬರೆಸಿದ್ದೇನೆ. ಠಾಣೆಯಲ್ಲಿ ನಾನಾಗಿ ಹೇಳಿ ಬರೆಸುವ ಸಂಗತಿ ಏನೆಂದರೆ:

ಹಾಸನದಲ್ಲಿ ಟೈರು ಅಂಗಡಿ ಇಟ್ಟಿರುವ ಚಂದ್ರಯ್ಯ ಎಂಬುವರು ನಾನು ಅವರ ನಾಲ್ಕು ಟೈರು ಕದ್ದೆ ಎಂದು ಬಾಯಿಮಾತಿನಲ್ಲಿ ಹೇಳಿದ್ದಾರೆ. ಬರೆದುಕೊಡಿ ಎಂದರೆ ಬರೆದುಕೊಡುವುದಿಲ್ಲ. ಈಗಲೂ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಬರೆಯಬೇಕಾದರೆ ಆ ನಾಲ್ಕು ಟೈರುಗಳು ಅವರ ಹತ್ತಿರ ಯಾತಕ್ಕೆ ಇದ್ದವು ಎಂಬುದನ್ನೂ ಬರೆಯಬೇಕಾಗುತ್ತದೆ. ಅವರು ಬರೆಯದಿದ್ದನ್ನು ನಾನು ಬರೆಸುತ್ತೇನೆ.

ಆರು ತಿಂಗಳಿಗೊಮ್ಮೆ ಪ್ರತಿಯೊಂದು ಬಸ್ಸನ್ನೂ ಹಾಸನದ ಬಯಲಿಗೆ ತಂದು ತಪಾಸಣೆ ಸಾಹೇಬರಿಗೆ ತೋರಿಸಬೇಕು. ಅದಕ್ಕೆ ಸರ್ಕಾರದ ಫೀ ಇದೆ. ಅದನ್ನು ಬಸ್ಸಿನ ಯಜಮಾನರು ಕಟ್ಟುತ್ತಾರೆ, ಕಚೇರಿಯವರು ರಸೀದಿ ಕೊಡುತ್ತಾರೆ, ಅದರಲ್ಲಿ ತಕರಾರಿಲ್ಲ. ಆದರೆ ಯುದ್ಧ ಶುರುವಾದ ಮೇಲೆ ಪರ್ಮಿಟ್ ಇಲ್ಲದೆ ಹೊಸ ಟೈರು ಸಿಗುವುದಿಲ್ಲ, ಪರ್ಮಿಟ್ ಕೇಳಿದರೆ ಬರುವುದಿಲ್ಲ. ನಮ್ಮ ಕಡೆಯ ಬಸ್ಸುಗಳ ಟೈರು ಸವೆದು ಒಳಗಿನ ಬಟ್ಟೆ ಕಾಣುತ್ತಿದೆ. ಅಂಥ ಟೈರಿನ ಮೇಲೆ ಯಾವ ಬಸ್ಸೂ ಪಾಸಾಗುವುದಿಲ್ಲ. ಚಂದ್ರಯ್ಯನವರ ಹತ್ತಿರ ಮಾತ್ರ ಚಕ್ರ ಸಮೇತ ನಾಲ್ಕು ಗಟ್ಟಿ ಟೈರುಗಳಿವೆ. ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರ ಎಲ್ಲಾ ಕಡೆಯ ಡ್ರೈವರುಗಳೂ ಅವನ್ನು ತಪಾಸಣೆ ಟೈರು ಎಂದೇ ಕರೆಯುತ್ತಾರೆ. ತಪಾಸಣೆಯ ದಿನ ಬಸ್ಸುಗಳು ಅವರ ಅಂಗಡಿಯ ಹಿಂದಿನ ಬಯಲಿನಲ್ಲಿ ಸಾಲಾಗಿ ನಿಲ್ಲುತ್ತವೆ. ಒಂದು ಬಸ್ಸಿಗೆ ಆ ಟೈರು ಹಾಕಿ, ಸಾಹೇಬರಿಗೆ ತೋರಿಸಿ, ವಾಪಸು ತಂದು ಬಿಚ್ಚಿ, ಮುಂದಿನ ಬಸ್ಸಿಗೆ ಹಾಕುತ್ತಾರೆ. ಬಾಡಿಗೆ ಐದು ರೂಪಾಯಿ. ಪಾಸು ಮಾಡಿಸುವುದು ಡ್ರೈವರನ ಕೆಲಸ ಎಂದು ಯಜಮಾನರು ಹೇಳುವುದರಿಂದ ಅದನ್ನು ಡ್ರೈವರು ತನ್ನ ಸಂಬಳದಲ್ಲಿ ಕೊಡಬೇಕು. ಅದಕ್ಕೆ ರಸೀದಿ ಇಲ್ಲ.

ಆ ಟೈರುಗಳಲ್ಲಿ ಒಂದಕ್ಕೆ ಪಕ್ಕದಲ್ಲಿ ಕುದುರೆ ಲಾಳದ ಆಕಾರದ ತೇಪೆ ಇದೆ. ಬೆಳಗಿನಿಂದ ಸಂಜೆವರೆಗೆ ಅದೇ ತೇಪೆ ಸಾಹೇಬರ ಮುಂದೆ ಬೇರೆ ಬೇರೆ ಬಸ್ಸಿನಲ್ಲಿ ಬರುತ್ತದೆ. ಸಾಹೇಬರು ಯಾರ ಹತ್ತಿರವಾದರೂ ಕೈಚಾಚಿದ್ದನ್ನು ನಾನು ನೋಡಿಲ್ಲ. ನೋಡದ್ದನ್ನು ಹೇಳುವುದಿಲ್ಲ. ತೇಪೆ ನೋಡಿದ್ದೇನೆ, ಅದನ್ನು ಹೇಳುತ್ತೇನೆ.

ಹಿಂದಿನ ಸಲ ನಾನೂ ಬಾಡಿಗೆ ಕೊಟ್ಟು ಪಾಸು ಮಾಡಿಸಿದೆ. ಆಮೇಲೆ ಎರಡು ತಿಂಗಳಿಗೆ, ಹೊಳೆ ಸೇತುವೆಗೆ ಇಳಿಯುವ ಕಡೆ, ನಮ್ಮ ಬಸ್ಸಿನ ಮುಂದಿನ ಎಡಗಡೆ ಟೈರು ಒಡೆಯಿತು. ಒಡೆದದ್ದು ನಮ್ಮ ಹಳೆಯ ಟೈರು. ಬಸ್ಸು ಹೊಳೆಗೆ ಹೋಗಲಿಲ್ಲ. ನಾನು ಹಿಡಿದುಕೊಂಡಿದ್ದಕ್ಕೆ ಹೋಗಲಿಲ್ಲ, ಅದನ್ನು ಆ ದಿನ ಬಸ್ಸಿನಲ್ಲಿದ್ದ ಯಾರನ್ನಾದರೂ ಕೇಳಬಹುದು. ವೀಳ್ಯದೆಲೆ ಮಾರುವ ಸಣ್ಣಕ್ಕ ಎಂಬುವರ ಕೈ ಮುರಿಯಿತು. ವಿಚಾರಣೆಗೆ ಬಂದವರು ತಪಾಸಣೆಯ ಕಾಗದ ತರಿಸಿ ನೋಡಿದರು. ನಾಲ್ಕೂ ಟೈರು ಚೆನ್ನಾಗಿವೆ ಎಂದು ಅದರಲ್ಲಿ ಬರೆದಿತ್ತು. ಟೈರು ಚೆನ್ನಾಗಿದ್ದ ಮೇಲೆ ತಪ್ಪು ಡ್ರೈವರನದೇ ಎಂದು ನನಗೆ ದಂಡ ಹಾಕಿದರು. ಕೈಗೆ ಬಿದಿರು ದಬ್ಬೆ ಕಟ್ಟಿಸಿಕೊಂಡಿದ್ದ ಸಣ್ಣಕ್ಕ ಶೆಡ್ಡಿನ ಹತ್ತಿರ ಬಂದು, "ಏನ್ಲಾ ಪುಟ್ರಾಜ, ಬಸ್ಸು ಒಳ್ಳೇದಂತೆ, ನೀನೇ ಸರಿ ಇಲ್ವಂತೆ. ಕಾಗ್ದದಲ್ಲಿ ಬರ್ದವ್ರಂತಲ್ಲ" ಎಂದರು. ಅವರು ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ. ನನ್ನ ಮೇಲೆ ತಪ್ಪು ಹೊರಿಸಿದ ಆ ಕಾಗದಕ್ಕೆ ದುಡ್ಡು ಕೊಟ್ಟವನು ನಾನೇ.

ನಿನ್ನೆ ಸೋಮವಾರ ಬೆಳಿಗ್ಗೆ ನಮ್ಮ ಬಸ್ಸನ್ನು ಮತ್ತೆ ತಪಾಸಣೆಗೆ ಹಾಸನಕ್ಕೆ ತೆಗೆದುಕೊಂಡು ಹೋದೆ. ಬಾಡಿಗೆ ಕೊಟ್ಟೆ. ನಮ್ಮ ಟೈರುಗಳನ್ನು ಬಿಚ್ಚಿ ಅಂಗಡಿಯ ಗೋಡೆಗೆ ಒರಗಿಸಿ, ತಪಾಸಣೆ ಟೈರು ಹಾಕಿದರು. ಸಾಹೇಬರು ಸೀಟಿನಲ್ಲಿ ಕೂತು ಬಯಲು ಸುತ್ತಿಸಿದರು. ನಿಲ್ಲಿಸು ಎಂದ ಕಡೆ ನಿಲ್ಲಿಸಿದೆ. ಅಷ್ಟು ಚೆನ್ನಾಗಿ ಆ ಬಸ್ಸು ನಿಂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಬ್ರೇಕು ನಾನೇ ಬಿಗಿ ಮಾಡಿದ್ದು, ಸ್ಟೀರಿಂಗು ನಾನೇ ಸರಿ ಮಾಡಿದ್ದು. ಕೆಟ್ಟದ್ದು ಟೈರು ಒಂದೇ ಆಗಿತ್ತು. ಸಾಹೇಬರು ನಾಲ್ಕು ಟೈರಿಗೂ ಸೀಮೆಸುಣ್ಣದ ಗುರುತು ಹಾಕಿ, ಪಾಸು ಎಂದು ಬರೆದು ಕೈಗೆ ಕೊಟ್ಟರು.

ವಾಪಸು ಅಂಗಡಿಯ ಹಿಂದಕ್ಕೆ ಬಂದಾಗ ಚಂದ್ರಯ್ಯ ಜಾಕಿ ಹಿಡಿದು ನಿಂತಿದ್ದರು. ನನ್ನ ನಂತರದ ಸರದಿ ಅರಕಲಗೂಡು ಬಸ್ಸಿನ ಡ್ರೈವರ್ ನಂಜಯ್ಯನದು. ಅವನು, "ಬಿರ್ನೆ ಬಿಚ್ಚಲಾ, ಸಾಹೇಬ್ರು ಊಟಕ್ಕೆದ್ಬುಟ್ಟಾರು" ಎಂದ.

ನಾನು, "ಯಾಕ್ ಬಿಚ್ಬೇಕು?" ಎಂದು ಚಂದ್ರಯ್ಯನವರನ್ನು ಕೇಳಿದೆ.

"ಯಾಕ್ ಅಂದ್ರೆ? ನಿಂದು ಪಾಸಾಯ್ತಲ್ಲಪ್ಪ."

"ಪಾಸಾಗಿರೋದು ಈ ಟೈರು ಇರೋ ಬಸ್ಸು. ಬಿಚ್ಬುಟ್ರೆ ಪಾಸಾದ ಬಸ್ಸು ಎಲ್ಲೈತೆ?"

ನಂಜಯ್ಯ ಉಳಿದ ಡ್ರೈವರುಗಳನ್ನು ಕರೆದು, "ಬನ್ರಲಾ ಇಲ್ಲಿ, ಮೇಷ್ಟ್ರ ಏಟು ತಿಂದು ಓಡ್ಬಂದೋನು ಲಾಯರಾಗ್ಬುಟ್ಟವ್ನೆ" ಎಂದು ನಗಾಡಿದ. ಚಂದ್ರಯ್ಯ ನಗಲಿಲ್ಲ. ಕಟ್ಟಾಯದಲ್ಲಿ ನಿಮ್ಮಪ್ಪನ ಗದ್ದೆ ಮಾರಿದರೂ ಈ ಟೈರಿಗೆ ಸಾಲದು ಎಂದರು. ನಾನು ಗೋಡೆಗೆ ಒರಗಿಸಿದ್ದ ನಮ್ಮ ಹಳೆಯ ಟೈರುಗಳನ್ನು ತೋರಿಸಿ, "ಅವೂ ಒಳ್ಳೇವೇ ಅಂತ ಓದ್ಸಲದ ಕಾಗ್ದದಲ್ಲೈತೆ ಕಣಯ್ಯ. ಅವು ನೀವು ಇಟ್ಕಳಿ, ಇವು ನಾನ್ ಇಟ್ಕತೀನಿ. ಒಳ್ಳೇವ್ಕೆ ಒಳ್ಳೇವು ಸರಿಯಾಯ್ತು" ಎಂದೆ. ಅವರು ಜಾಕಿ ಹಿಡಿದು ಬಸ್ಸಿನ ಕಡೆಗೆ ಬಂದರು. ನಾನು ಬಸ್ಸು ಹತ್ತಿ ಹೊರಟೆ. ಹೊಡೆದಾಟ ಆಗಿಲ್ಲ, ಯಾರ ಮೈಯನ್ನೂ ಮುಟ್ಟಿಲ್ಲ. ಕದಿಯುವವನು ಅಷ್ಟು ಜನದ ಎದುರಿಗೆ, ಹಗಲು ಹೊತ್ತಿನಲ್ಲಿ, ಹಾರನ್ನು ಹೊಡೆದುಕೊಂಡು ಹೋಗುವುದಿಲ್ಲ. ಹಾರನ್ನು ಹೊಡೆದದ್ದು ನಿಜ.

ಅವರು ಹಿಂದೆ ಬರಲು ನೋಡಿದರು, ಆಗಲಿಲ್ಲ. ಈಗ ಪೆಟ್ರೋಲು ಇಲ್ಲದೆ ನಮ್ಮ ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತವೆ. ಬಸ್ಸಿನ ಹಿಂದೆ ಕಟ್ಟಿರುವ ಅದರ ಒಲೆ ಆರಿದರೆ ಮತ್ತೆ ಗಾಳಿ ಹೊಡೆದು ಹೊತ್ತಿಸಿ ಗ್ಯಾಸು ಬರಲು ಅರ್ಧ ಗಂಟೆ ಬೇಕು. ಸರದಿಯಲ್ಲಿ ಕಾಯುವವರೆಲ್ಲ, ಟೈರು ಹಾಕುವಾಗ ಹೊತ್ತಿಸಿದರಾಯಿತು ಎಂದು, ಇದ್ದಿಲು ಉಳಿಸಲು ಒಲೆ ಆರಿಸಿ ಬೀಡಿ ಸೇದುತ್ತಾ ಕೂತಿದ್ದರು. ಹೊತ್ತಿದ್ದದ್ದು ನನ್ನ ಒಲೆ ಒಂದೇ. ಚಂದ್ರಯ್ಯ ಯಾರದೋ ಸೈಕಲ್ ಹತ್ತಿ ರೈಲ್ವೆ ಗೇಟಿನವರೆಗೆ ಬಂದರು. ಅಲ್ಲಿಂದ ಮುಂದೆ ಕಾಣಲಿಲ್ಲ.

ಸ್ಟ್ಯಾಂಡಿನಲ್ಲಿ ಜನ ಹತ್ತಿಸಿಕೊಂಡು ಹೊಳೆನರಸೀಪುರಕ್ಕೆ ಬಂದೆ. ಮೊಸಳೆ ಹಳ್ಳಿ ದಾಟಿದ ಮೇಲೆ ಹಿಂದಿನ ಸೀಟಿನಿಂದ ಸಣ್ಣಕ್ಕ, "ಇವತ್ತೇನ್ಲಾ, ಎಲೆ ಪಿಂಡಿ ಮ್ಯಾಲಿಂದ ಒಂದ್ಸಲಾನೂ ಎಗರ್ಲಿಲ್ವಲ್ಲ ನಾನು" ಎಂದರು. ಟೈರು ಒಳ್ಳೇದೈತೆ ಸಣ್ಣಕ್ಕ ಎಂದೆ. "ಕಾಗ್ದದಲ್ಲೋ, ಬಸ್ನಲ್ಲೋ?" ಎಂದು ಕೇಳಿದರು. ಎರಡರಲ್ಲೂ ಎಂದೆ. ಸೇತುವೆಗೆ ಇಳಿಯುವ ಕಡೆ ಬ್ರೇಕು ಮುಟ್ಟಿದೆ, ಬಸ್ಸು ತಲೆ ಬಗ್ಗಿಸಿದ ಎತ್ತಿನ ಹಾಗೆ ನಿಧಾನವಾಗಿ ಇಳಿಯಿತು. ಡ್ರೈವರ್ ಕೆಲಸಕ್ಕೆ ಸೇರಿದಾಗಿನಿಂದ ಕಾಗದದಲ್ಲಿ ಬರೆದಂಥ ಬಸ್ಸನ್ನು ನಾನು ಓಡಿಸಿದ್ದು ನಿನ್ನೆ ಒಂದೇ ದಿನ.

ಇವತ್ತು ಬೆಳಗಿನ ರೈಲಿಗೆ ಚಂದ್ರಯ್ಯ ಬಂದು ಠಾಣೆಯಲ್ಲಿ ದೂರು ಹೇಳಿದರು. ದಫೇದಾರರು ನನ್ನನ್ನೂ ನಮ್ಮ ಯಜಮಾನರಾದ ಬಸವಲಿಂಗಮ್ಮನವರನ್ನೂ ಕರೆಸಿದರು. ಗಂಡ ತೀರಿಕೊಂಡ ಮೇಲೆ ಅವರಿಗೆ ಇರುವ ಆಧಾರ ಈ ಬಸ್ಸು ಒಂದೇ. ನನಗೆ ಸ್ಟೀರಿಂಗು ಹಿಡಿಯುವುದನ್ನು ಕಲಿಸಲು ಹಳೇ ಡ್ರೈವರಿಗೆ ಹೇಳಿದವರು ಅವರೇ. ಬಿಚ್ಚುವುದನ್ನು ಮರೆತು ಹಾಗೇ ತಂದುಬಿಟ್ಟೆ ಎಂದು ಬರೆದು, ಟೈರು ಬಿಚ್ಚಿಕೊಟ್ಟರೆ ಮಾತು ಇಲ್ಲಿಗೇ ಮುಗಿಯುತ್ತದೆ, ಇಲ್ಲದಿದ್ದರೆ ಕೇಸು ಆಗಿ ನನ್ನ ಲೈಸೆನ್ಸು ಹೋಗುತ್ತದೆ ಎಂದು ದಫೇದಾರರು ತಿಳಿಸಿದರು.

ಬಸವಲಿಂಗಮ್ಮನವರು ನನ್ನ ಕೈ ಹಿಡಿದುಕೊಂಡು, "ಒಂದ್ ಮಾತು ಕಣಪ್ಪ, ಮರ್ತೆ ಅಂದ್ಬುಡು. ನಿನ್ ಗಂಟೇನ್ ಓಯ್ತದೆ?" ಎಂದರು.

"ಮರ್ತಿಲ್ಲ ಅಮ್ಮಾವ್ರೆ. ಮರ್ತೆ ಅಂದ್ರೆ ನಾಳಿಕ್ಕೆ ಬಿಚ್ಬೇಕಾಯ್ತದೆ."

"ಬಸ್ಸು ನಂದು ಕಣೋ."

"ಬಸ್ಸು ನಿಮ್ದು. ಟೈರು ಒಡೆದ್ರೆ ತಪ್ಪು ನಂದು. ಅದೆಂಗೆ?"

ಅವರು ನನ್ನ ಕೈ ಬಿಟ್ಟು, ಹಾಗಾದರೆ ಇವತ್ತಿನ ಟ್ರಿಪ್ಪು ಮುಗಿಸಿ ಕೀಲಿಕೈ ಕೊಟ್ಟುಬಿಡು ಎಂದರು. ಕೊಡುತ್ತೇನೆ ಎಂದೆ. ನನ್ನ ನಂತರ ಆ ಸೀಟಿನಲ್ಲಿ ಯಾರು ಕೂರುತ್ತಾರೋ ಅವನು ಈ ಟೈರಿನ ಮೇಲೆ ಓಡಿಸಲಿ. ನಿನ್ನೆ ನಂಜಯ್ಯನ ಬಸ್ಸು ಪಾಸಾಗದೆ ಹಾಸನದಲ್ಲೇ ನಿಂತಿದೆ, ಅವನಿಗೆ ನನ್ನ ಮೇಲೆ ಸಿಟ್ಟಿದೆ ಎಂದು ತಿಳಿಯಿತು. ಇರಲಿ. ಅವನ ಟೈರು ನಾನು ನೋಡಿದ್ದೇನೆ. ಅದು ನಿಲ್ಲಬೇಕಾದ ಬಸ್ಸೇ.

ನಾನು ಕೇಳುವುದು ಒಂದೇ. ಈ ಟೈರು ಬಿಚ್ಚಿ, ಬಟ್ಟೆ ಕಾಣುವ ಟೈರು ಹಾಕಿ, ಜನ ತುಂಬಿಕೊಂಡು ಸೇತುವೆ ಇಳಿಸು ಎಂದು ಯಾರಾದರೂ ಕಾಗದದಲ್ಲಿ ಬರೆದು ರುಜು ಹಾಕಿ ಕೊಡಲಿ, ಈಗಲೇ ನಾನೇ ಜಾಕಿ ಹಾಕಿ ಬಿಚ್ಚಿಕೊಡುತ್ತೇನೆ. ಚಂದ್ರಯ್ಯನವರನ್ನು ಒಳಗೆ ಕರೆಸಿ ಇದನ್ನು ಕೇಳಿಸಲಾಯಿತು. ಅವರು ಬರೆಯಲಿಲ್ಲ. ಬಸವಲಿಂಗಮ್ಮನವರು ಬರೆಯಲಿಲ್ಲ. ದಫೇದಾರರು ಲೇಖನಿ ಕೆಳಗಿಟ್ಟು, ಅದು ತಮ್ಮ ಕೆಲಸವಲ್ಲ ಎಂದರು.

ನಾನು ಹೇಳಿದ್ದನ್ನು ಓದಿಸಿ ಕೇಳಿದೆ. ನಡುವೆ ಒಂದು ಕಡೆ 'ಮರೆತು' ಎಂದು ಸೇರಿಸಿದ್ದರು, ಅದನ್ನು ಹೊಡೆದು ಹಾಕಿಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದ್ದೇ, ಹೇಳಿದ್ದೆಲ್ಲ ನಡೆದದ್ದೇ. ಯಾರ ಬಲವಂತಕ್ಕೂ ಒಂದಕ್ಷರ ಬದಲಿಸಿಲ್ಲ.

ಸ್ಥಳ: ಹೊಳೆನರಸೀಪುರ
ತಾರೀಖು: 15-2-1944, ಮಂಗಳವಾರ
ರುಜು: ಪುಟ್ಟರಾಜು

ಬರೆದುಕೊಂಡವರ ಷರಾ: ಹೇಳಿಕೆದಾರನು ರುಜು ಮಾಡಿದ ಕೂಡಲೇ ಎದ್ದನು. ಮುಂದಿನ ಆಜ್ಞೆಯವರೆಗೆ ಕೂತಿರಲು ತಿಳಿಸಿದ್ದಕ್ಕೆ, ಹಾಸನಕ್ಕೆ ಹೋಗುವ ಜನ ಹತ್ತಿ ಕೂತಿದ್ದಾರೆ, ಹೊತ್ತಾಯಿತು ಎಂದು ಹೇಳಿ, ಠಾಣೆಯ ಬಾಗಿಲನ್ನು ಗೋಡೆಯ ಗಾರೆ ಉದುರುವಂತೆ ಎಳೆದು ಬಡಿದು ಹೋದನು.